ರಕ್ತವನ್ನು ತಡೆಯುವ ಕೈಗಳು

ಅಡಿಗೆಮನೆಯಲ್ಲಿ ಈಳಿಗೆಯು ಬೆರಳಿಗೆ ತಾಗಿದರೆ ರಕ್ತವು ಸುರಿಯುತ್ತದೆ. ಬೆರಳನ್ನು ಒತ್ತಿ ಹಿಡಿದರೆ ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ದಿನದಿನವೂ ನಡೆಯುವ ಸಂಗತಿಯಾದುದರಿಂದ ಇದನ್ನು ನಾವು ಆಶ್ಚರ್ಯವೆಂದು ಎಣಿಸುವುದಿಲ್ಲ. ಆದರೆ ನಾಳಗಳೊಳಗೆ ನೀರಿನಂತೆ ಹರಿಯುತ್ತಲಿರಬೇಕು, ಗಾಯವಾದ ಸ್ಥಳದಲ್ಲಿ ಮಾತ್ರ ಹೆಪ್ಪುಗಟ್ಟಬೇಕು ಎಂಬ ಎರಡು ಕಟ್ಟಳೆಗಳನ್ನು ಒಂದೇ ದ್ರವದಲ್ಲಿ ಇರಿಸಿದ ಸೃಷ್ಟಿಕರ್ತನ ಜ್ಞಾನವು ಎಷ್ಟೆಂಬುದನ್ನು ಯೋಚಿಸತಕ್ಕದ್ದು. ಈ ಕಟ್ಟಳೆಯು ತಪ್ಪಿದಾಗ ಹೆಣ್ಣುಮಕ್ಕಳು ಪಡುವ ಕಷ್ಟವನ್ನೂ ಅದಕ್ಕಿರುವ ಉಪಾಯವನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶವು.

ರಕ್ತದಲ್ಲಿ ಕೆಂಪು ಕಣ, ಬಿಳಿಯ ಕಣಗಳಲ್ಲದೆ ಮೂರನೆಯದಾಗಿ ಕಿರುತಟ್ಟೆಗಳೆಂಬವು ಉಂಟು. ಡೆಂಗ್ಯೂ ಜ್ವರದ ಕಾಲದಲ್ಲಿ ಪ್ಲೇಟ್‌ಲೆಟ್ ಎಷ್ಟಿದೆಯೆಂದು ಊರೂರಿನಲ್ಲಿಯೂ ವಿಚಾರಿಸುವುದು ಇವುಗಳನ್ನು ಕುರಿತೇ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 1,50,000ದಿಂದ 4,50,000ದವರೆಗೆ ಇರುತ್ತವೆ. ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಏಳರಿಂದ ಹತ್ತು ದಿನ ಬಾಳಿ, ನಾಶವಾಗುತ್ತವೆ. ಗಾಯವಾದ ಸ್ಥಳದಲ್ಲಿ ಇವು ಗುಂಪುಗೂಡುವುದನ್ನು ಇಟಲಿ ದೇಶದ ಬಿಜ್ಜೊಜೆರೊ ಎಂಬ ವಿದ್ವಾಂಸನು 1882ರಲ್ಲಿ ವರ್ಣಿಸಿದನು.

ಗುಂಪುಗೂಡಬೇಕಾದರೆ ಕೈಗಳು ಬೇಕಷ್ಟೆ. ಕಿರುತಟ್ಟೆಯ ಮೈಮೇಲಿರುವ ಆ ಕೈಗಳಿಗೆ ಗ್ರಾಹಕಗಳೆಂದು ಹೆಸರು. ಅವುಗಳಲ್ಲಿ ಕೆಲವು ಹರಿದ ನಾಳದ ಗೋಡೆಯನ್ನು ಹಿಡಿಯುತ್ತವೆ. ಕಿರುತಟ್ಟೆಗಳನ್ನು ಒಂದಕ್ಕೊಂದು ಕೂಡಿಸುವುದೋ ಗ್ಲೈಕೋಪ್ರೋಟೀನ್ 2ಬಿ-3ಎ ಎಂಬ ಗ್ರಾಹಕದ ಕೆಲಸವು. ಒಂದೊಂದು ಕಿರುತಟ್ಟೆಯ ಮೇಲೆ ಇದು ಸುಮಾರು 80,000 ಇರುತ್ತದೆ. ರಕ್ತವು ಸುಮ್ಮನೆ ಹರಿಯುವಾಗ ಮುಚ್ಚಿದ ಮುಷ್ಟಿಯಂತಿದ್ದು, ಗಾಯದ ಸೂಚನೆಯು ಮುಟ್ಟಿದ ಕೂಡಲೇ ತೆರೆದುಕೊಂಡು, ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಉದ್ದವಾದ ಪದಾರ್ಥದ ಒಂದು ತುದಿಯನ್ನು ಹಿಡಿಯುತ್ತದೆ. ಮತ್ತೊಂದು ತುದಿಯನ್ನು ಪಕ್ಕದ ಕಿರುತಟ್ಟೆಯು ಹಿಡಿಯುತ್ತದೆ. ಕೆರೆಯ ಏರಿಯು ಒಡೆದಲ್ಲಿ ಒಬ್ಬೊಬ್ಬನೇ ನಿಂತರೆ ನೀರು ಕೊಚ್ಚಿಕೊಂಡು ಹೋಗುವುದು. ಹಲವರು ಒಂದೇ ಹಗ್ಗವನ್ನು ಹಿಡಿದು ನಿಂತರೆ ನಿಲ್ಲಬಲ್ಲರು. ಇದೂ ಹಾಗೆಯೇ.

ಈ ಕೈಯು ಬೇಡದ ಸ್ಥಳದಲ್ಲಿ ಹಿಡಿದರೂ ಕೇಡೇ. ಹೃದಯದ ನಾಳದಲ್ಲಿ ಕೊಬ್ಬು ಕಟ್ಟಿದ ಭಾಗವು ಬಿರಿದರೆ, ಕಿರುತಟ್ಟೆಗಳು ಅದನ್ನೂ ಗಾಯವೆಂದೇ ತಿಳಿದು ಗುಂಪುಗೂಡಿ ದಾರಿಯನ್ನು ಮುಚ್ಚುತ್ತವೆ, ಅದೇ ಹೃದಯಾಘಾತ. ಹೀಗಾಗದಂತೆ ಹಿಡಿತವನ್ನು ಸಡಿಲಿಸುವುದಕ್ಕೆ ವೈದ್ಯರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದ ಔಷಧಗಳನ್ನು ಕೊಡುತ್ತಾರೆ. ಈ ಗ್ರಾಹಕವನ್ನೇ ತಡೆಯುವ ಟೈರೋಫೈಬಾನ್ ಎಂಬ ಔಷಧವು, ನಮ್ಮ ನಾಡಿನ ಒಣಭೂಮಿಗಳಲ್ಲಿಯೂ ಇರುವ ಗರಗಸ ಮಂಡಲದ ಹಾವಿನ ವಿಷದೊಳಗಣ ಒಂದು ಪದಾರ್ಥವನ್ನು ಮಾದರಿಯಾಗಿಟ್ಟುಕೊಂಡು ರಚಿಸಲ್ಪಟ್ಟಿತು.

ಇನ್ನು ಕೈಯೇ ಇಲ್ಲದವರ ಸಂಗತಿ. ಸ್ವಿಟ್ಜರ್ಲೆಂಡ್ ದೇಶದ ಮಕ್ಕಳ ವೈದ್ಯನಾದ ಎಡ್ವರ್ಡ್ ಗ್ಲಾಂಜ್‌ಮನ್ ಎಂಬಾತನು 1918ರಲ್ಲಿ ವಿವರಿಸಿದ ರೋಗವು ಆತನ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಈ ರೋಗವುಳ್ಳವರಲ್ಲಿ 2ಬಿ-3ಎ ಗ್ರಾಹಕವು ಇರುವುದಿಲ್ಲ, ಇಲ್ಲವೆ ಇದ್ದೂ ಕೆಲಸಮಾಡುವುದಿಲ್ಲ. ಕಿರುತಟ್ಟೆಗಳ ಲೆಕ್ಕವು ಸರಿಯಾಗಿಯೇ ಇರುವುದರಿಂದ, ಲೆಕ್ಕವನ್ನು ಮಾತ್ರ ನೋಡಿ ದೋಷವಿಲ್ಲವೆಂದು ಮನೆಗೆ ಕಳುಹಿಸುವುದುಂಟು. ಮಗುವಿಗೆ ಸಣ್ಣಂದಿನಲ್ಲಿಯೇ ಮೈಮೇಲೆ ಕಾರಣವಿಲ್ಲದೆ ಕಂದಿದ ಕಲೆಗಳು, ಮೂಗಿನಿಂದಲೂ ಒಸಡಿನಿಂದಲೂ ರಕ್ತ, ಹಲ್ಲು ಬಿದ್ದರೆ ನಿಲ್ಲದ ಸ್ರಾವ. ಗಂಡು ಹೆಣ್ಣುಗಳಿಬ್ಬರಿಗೂ ಇದು ಸಮನಾಗಿ ಬರತಕ್ಕದ್ದಾದರೂ, ಹುಡುಗಿಯು ಮೈನೆರೆದಾಗ ಕಷ್ಟವು ಇಮ್ಮಡಿಯಾಗುತ್ತದೆ. ಮೊದಲನೆಯ ಮುಟ್ಟಿನಲ್ಲಿಯೇ ಪ್ರಾಣಾಪಾಯವಾಗುವಷ್ಟು ರಕ್ತವು ಹೋಗಬಹುದು.

ಈ ರೋಗವು ಲೋಕದಲ್ಲಿ ವಿರಳವಾದರೂ ನಮ್ಮ ಸೀಮೆಯಲ್ಲಿ ಅಷ್ಟು ವಿರಳವಲ್ಲ. 1981ರಲ್ಲಿ ವೆಲ್ಲೂರಿನ ವೈದ್ಯರು ದಕ್ಷಿಣ ಭಾರತದ 42 ರೋಗಿಗಳ ವಿವರವನ್ನು ಪ್ರಕಟಿಸಿದರು. ಕಾರಣವು ನಮ್ಮ ವಿವಾಹಪದ್ಧತಿಯಲ್ಲಿದೆ. ದೋಷವುಳ್ಳ ಬೀಜವು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ರೋಗ. ಒಬ್ಬರಿಂದಲೇ ಬಂದರೆ ರೋಗವಿಲ್ಲ. ಹಾಗೆ ಅದನ್ನು ಹೊತ್ತ ಇಬ್ಬರಿಗೆ ವಿವಾಹವಾದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವುಂಟು. ಸೋದರಮಾವನೂ ಸೊಸೆಯೂ ನಾಲ್ಕನೆಯ ಒಂದು ಪಾಲು ಬೀಜಗಳನ್ನು ಸಮಾನವಾಗಿ ಹೊಂದಿರುತ್ತಾರೆ. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹೆರಿಗೆಯಾದ ತಾಯಂದಿರನ್ನು ವಿಚಾರಿಸಲಾಗಿ, ಹೆಚ್ಚುಕಡಿಮೆ ಮೂರರಲ್ಲಿ ಒಂದು ವಿವಾಹವು ರಕ್ತಸಂಬಂಧದೊಳಗಣದೆಂದು ಕಂಡುಬಂತು. ಆಸ್ತಿಯು ಹೊರಗೆ ಹೋಗದಿರಲೆಂದು ಮಾಡುವ ಸಂಬಂಧವು ದೋಷವನ್ನೂ ಒಳಗೇ ಉಳಿಸಿಕೊಳ್ಳುತ್ತದೆ. ಮನೆಯಲ್ಲಿ ಇಂಥ ಒಂದು ಮಗುವಿದ್ದರೆ, ಆ ವಂಶದಲ್ಲಿ ಮುಂದಿನ ವಿವಾಹವನ್ನು ನಿಶ್ಚಯಿಸುವ ಮೊದಲು ವೈದ್ಯರ ಸಲಹೆಯನ್ನು ಕೇಳತಕ್ಕದ್ದು.

ತಾಯಂದಿರು ಗಮನಿಸಬೇಕಾದ ಗುರುತುಗಳು ಇವು: ಏಳು ದಿನಗಳನ್ನು ಮೀರಿ ನಿಲ್ಲದ ಮುಟ್ಟು, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆಯನ್ನು ಬದಲಿಸುವ ಸ್ಥಿತಿ, ದೊಡ್ಡ ಹೆಪ್ಪುಗಳು, ಬಿಳಿಚಿದ ಮುಖ, ಮೆಟ್ಟಿಲು ಹತ್ತಿದರೆ ಏದುಸಿರು. ಹೆಚ್ಚಿನವರಲ್ಲಿ ಕಾರಣವು ಬೇರೆ ಸಾಮಾನ್ಯವಾದದ್ದೇ ಆಗಿರುವುದು. ಆದರೂ ತೋರಿಸಿ ತಿಳಿಯಬೇಕೇ ಹೊರತು ಊಹಿಸಿ ಸುಮ್ಮನಿರಬಾರದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ರಕ್ತರೋಗಗಳ ತಜ್ಞರಿದ್ದಾರೆ. ಕಿರುತಟ್ಟೆಗಳು ಗುಂಪುಗೂಡುತ್ತವೆಯೋ, ಗ್ರಾಹಕವು ಇದೆಯೋ ಎಂಬುದನ್ನು ರಕ್ತಪರೀಕ್ಷೆಯಿಂದಲೇ ಹೇಳಬಲ್ಲರು. ರೋಗವು ಬೇರುಸಹಿತ ಹೋಗುವುದು ಸುಲಭವಲ್ಲವಾದರೂ, ಟ್ರಾನೆಕ್ಸಾಮಿಕ್ ಆಮ್ಲ, ಮುಟ್ಟನ್ನು ಹತೋಟಿಯಲ್ಲಿಡುವ ಮಾತ್ರೆಗಳು, ಕಬ್ಬಿಣಾಂಶದ ಔಷಧ, ಅವಶ್ಯವಾದಾಗ ದಾನಿಗಳ ಕಿರುತಟ್ಟೆಗಳು, ಇವುಗಳಿಂದ ಹುಡುಗಿಯು ಓದಿ, ಕೆಲಸಮಾಡಿ, ಬಾಳಬಲ್ಲಳು. ಟ್ರಾನೆಕ್ಸಾಮಿಕ್ ಆಮ್ಲವನ್ನು ಕಂಡುಹಿಡಿದವರಲ್ಲಿ ಮುಖ್ಯಳು ಜಪಾನಿನ ಉಟಾಕೊ ಒಕಾಮೊಟೊ ಎಂಬ ಸ್ತ್ರೀ ಎಂಬುದನ್ನು ನಮ್ಮ ಬಾಲಿಕೆಯರು ಸಂತೋಷದಿಂದ ತಿಳಿಯಲಿ.

ಒಂದು ಎಚ್ಚರಿಕೆ. ತಾತನ ಹೃದಯಕ್ಕೆ ಹಿತವಾದ ಆಸ್ಪಿರಿನ್ ಇಂಥ ಮೊಮ್ಮಗಳಿಗೆ ವಿಷಕ್ಕೆ ಸಮಾನ; ಐಬುಪ್ರೊಫೇನ್ ಸಹ ಕೂಡದು. ಹೊಟ್ಟೆನೋವೆಂದು ಮನೆಯಲ್ಲಿದ್ದ ಮಾತ್ರೆಯನ್ನು ಕೊಡಬಾರದು. ಅದೇ ರೀತಿ ತಾತನು ವೈದ್ಯರನ್ನು ಕೇಳದೆ ತನ್ನ ಮಾತ್ರೆಯನ್ನು ಬಿಡಲೂ ಬಾರದು.

ಶಾಲೆಗೆ ತಿಂಗಳು ತಿಂಗಳೂ ನಾಲ್ಕಾರು ದಿನ ಬಾರದ ಹುಡುಗಿಯನ್ನು ಸೋಮಾರಿಯೆಂದು ಎಣಿಸುವುದೂ, ಮಗಳ ರೋಗವು ತಿಳಿದರೆ ವರನು ಸಿಕ್ಕನೆಂದು ಬಚ್ಚಿಡುವುದೂ ನಮ್ಮಲ್ಲಿ ಇನ್ನೂ ಉಂಟು. ಬಚ್ಚಿಟ್ಟು ವಿವಾಹ ಮಾಡಿದರೆ, ಹೆರಿಗೆಯ ಸಮಯದಲ್ಲಿ ಸಿದ್ಧತೆಯಿಲ್ಲದ ವೈದ್ಯರ ಕೈಯಲ್ಲಿ ಅವಳ ಪ್ರಾಣವನ್ನು ಇಟ್ಟಂತಾಗುವುದು. ಮಾರ್ಕನ ಸುವಾರ್ತೆಯಲ್ಲಿ ಹನ್ನೆರಡು ವರುಷ ರಕ್ತಸ್ರಾವದಿಂದ ಬಳಲಿದ ಸ್ತ್ರೀಯ ವೃತ್ತಾಂತವನ್ನು ನಾವೆಲ್ಲರೂ ಓದಿದ್ದೇವೆ. ಅವಳು ಗುಂಪಿನಲ್ಲಿ ಹಿಂದಿನಿಂದ ಗುಟ್ಟಾಗಿ ಬಂದಳು. ಕರ್ತನಾದರೋ ಅವಳನ್ನು ಗುಟ್ಟಾಗಿ ಹೋಗಬಿಡದೆ, ಎಲ್ಲರ ಮುಂದೆ ಮಗಳೆಂದು ಕರೆದನು. ನಮ್ಮ ಹೆಣ್ಣುಮಕ್ಕಳು ತಮ್ಮ ಕಷ್ಟವನ್ನು ನಾಚದೆ ತಾಯಿಗೂ ಉಪಾಧ್ಯಾಯಿನಿಗೂ ಹೇಳುವಂತಾಗಲಿ. ಕೇಳುವ ಕಿವಿಯನ್ನು ದೇವರು ನಮಗೆ ಅನುಗ್ರಹಿಸಲಿ.