ಕಾಳಿನ ಬದಲು ಚಟ ಬೇಡಿದ ಜೋಳಿಗೆ

ಇಳಕಲ್ಲ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ತೋಪು ತೆನಿ ಸೆರಗಿನ ಸೀರೆ. ಅದನ್ನು ಬಿಟ್ಟರೆ ಕೆಂಪು ಗ್ರಾನೈಟ್ ಕಲ್ಲು. ಹುನಗುಂದ ಸೀಮೆಯ ಈ ಊರಿಗೆ ಮೂರನೆಯ ಹಿರಿಮೆಯೂ ಒಂದುಂಟು. ಅದು ‘ಮಹಾಂತ ಜೋಳಿಗೆ’.

ಜಂಗಮರು ಜೋಳಿಗೆ ಹಿಡಿದು ಮನೆ ಮನೆಗೆ ಭಿಕ್ಷೆಗೆ ಬರುವುದು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಜೋಳವೋ, ಹಿಟ್ಟೋ, ರೊಟ್ಟಿಯೋ ಇದ್ದುದನ್ನು ನೀಡಿ ಕೈ ಮುಗಿಯುವುದು ರೂಢಿ. ಆದರೆ ಇಳಕಲ್ಲದ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಹೊರಟಾಗ ಅವರ ಜೋಳಿಗೆ ಬೇಡಿದ್ದು ಬೇರೆಯದನ್ನೇ. ಕುಡಿತ, ಬೀಡಿ, ತಂಬಾಕಿನಂಥ ಚಟಗಳನ್ನು ಅವರು ಭಿಕ್ಷೆಯಾಗಿ ಕೇಳಿದರು. ಚಟವನ್ನು ಜೋಳಿಗೆಗೆ ಹಾಕುವುದೆಂದರೆ ಇನ್ನು ಮುಂದೆ ಅದನ್ನು ಮುಟ್ಟುವುದಿಲ್ಲವೆಂದು ಮಾತು ಕೊಡುವುದು.

1930ರ ಆಗಸ್ಟ್ 1ರಂದು ಜನಿಸಿದ ಸ್ವಾಮಿಗಳು 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ನಾಲ್ಕು ದಶಕಗಳ ಕಾಲ ಅವರು ಹಳ್ಳಿ ಹಳ್ಳಿ, ಕೇರಿ ಕೇರಿ ತಿರುಗಿದರು. ಅವರ ಜನ್ಮದಿನವನ್ನು ಕರ್ನಾಟಕದಲ್ಲಿ ‘ವ್ಯಸನಮುಕ್ತ ದಿನ’ವಾಗಿ ಆಚರಿಸಲಾಗುತ್ತಿದೆ.

ಕುಡುಕನಿಗೆ ಬುದ್ಧಿ ಹೇಳುವವರಿಗೆ ಊರಲ್ಲಿ ಬರವಿಲ್ಲ. ಹೆಂಡತಿ ಅಳುತ್ತಾಳೆ, ಹಿರಿಯರು ಗದರುತ್ತಾರೆ, ಗೆಳೆಯರು ನಗುತ್ತಾರೆ. ಜೋಳಿಗೆ ಇದಾವುದನ್ನೂ ಮಾಡಲಿಲ್ಲ. ಅದು ಬೇಡಿತು. ಬೇಡುವವರು ಎದುರಿಗೆ ನಿಂತರೆ ಕುಡುಕನೂ ದಾನಿಯಾಗುತ್ತಾನೆ. ಮಾನ ಕಳೆದುಕೊಂಡವನಿಗೆ ಮೊದಲು ಮಾನ ಕೊಟ್ಟು, ಆಮೇಲೆ ಮಾತು ಕೇಳಿದ ರೀತಿ ಇದು. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಇದೇ ಸೀಮೆಯಲ್ಲಿದೆಯೆಂಬುದನ್ನು ನೆನೆದರೆ ಇದರ ಬೇರು ಎಲ್ಲಿದೆಯೆಂದು ತಿಳಿಯುತ್ತದೆ.

ಮಾತು ಕೊಟ್ಟ ಮೂರನೆಯ ದಿನ

ಮಾತು ಕೊಟ್ಟ ಮನಸ್ಸು ಗಟ್ಟಿಯಾಗಿರಬಹುದು. ದೇಹ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಮದ್ಯ, ತಂಬಾಕು, ಗಾಂಜಾ, ಅಫೀಮು ಎಲ್ಲವೂ ಬೇರೆ ಬೇರೆ ದಾರಿಯಿಂದ ಮೆದುಳಿನ ಒಂದೇ ಕೇಂದ್ರವನ್ನು ತಟ್ಟುತ್ತವೆ. ಹಸಿದಾಗ ಉಂಡರೆ ಹಿಗ್ಗು ಕೊಡುವ ಕೇಂದ್ರವೇ ಅದು. ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ಉಕ್ಕುತ್ತದೆ. ದಿನವೂ ಉಕ್ಕಿಸುತ್ತ ಹೋದರೆ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಮೊದಲು ಅರ್ಧ ಗ್ಲಾಸಿಗೆ ಏರುತ್ತಿದ್ದ ಅಮಲಿಗೆ ಈಗ ನಾಲ್ಕು ಗ್ಲಾಸು ಬೇಕು. ಕೊನೆಕೊನೆಗೆ ಸುಖಕ್ಕಾಗಿ ಅಲ್ಲ, ನಡುಕ ನಿಲ್ಲಲೆಂದು ಕುಡಿಯಬೇಕಾಗುತ್ತದೆ. ಚಟ ರೋಗವಾಗುವುದು ಇಲ್ಲಿಂದ.

ನೇಕಾರರ ಊರಿಗೆ ಈ ನಡುಕದ ಅರ್ಥ ಬೇಗ ಆಗುತ್ತದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಕೈ ನಡುಗಿದರೆ ಕೊಂಡಿ ಬೀಳದು, ಕೊಂಡಿ ಬೀಳದಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಒಲೆ ಆರುತ್ತದೆ. ಕಲ್ಲಿನ ಕ್ವಾರಿಯಲ್ಲಿ ದುಡಿಯುವವನಿಗಂತೂ ಅಮಲು, ನಡುಕ ಎರಡೂ ಜೀವಕ್ಕೇ ಅಪಾಯ.

ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ದಿಕ್ಕು ತಪ್ಪಿದಂತಾಗಿ, ಇಲ್ಲದ ಹುಳು ಹುಪ್ಪಟೆಗಳು ಕಂಡು, ಮೈ ಬೆವರಿ, ಜ್ವರವೇರುತ್ತದೆ. ಇದನ್ನು ಗಾಳಿ ಸೋಕಿತೆಂದು ತಿಳಿದು ಮಂತ್ರ ಹಾಕಿಸುತ್ತ ಕುಳಿತರೆ ಜೀವ ಹೋಗುವ ಸಂಭವವಿದೆ. ಸಕಾಲಕ್ಕೆ ಆಸ್ಪತ್ರೆಗೆ ಸೇರಿಸಿದರೆ ವೈದ್ಯರು ಬಿ-1 ಜೀವಸತ್ವ ಕೊಟ್ಟು, ಶಮನಕಾರಿ ಔಷಧವನ್ನು ಹಂತ ಹಂತವಾಗಿ ಇಳಿಸುತ್ತ ಈ ಗಂಡಾಂತರವನ್ನು ದಾಟಿಸಬಲ್ಲರು. ಮಾತು ಕೊಟ್ಟವನನ್ನು ಅಂದೇ ವೈದ್ಯರಿಗೆ ತೋರಿಸುವುದು ಆ ಮಾತಿಗೆ ಕೊಡುವ ಬಲವೇ ಹೊರತು ಅವಮಾನವಲ್ಲ.

ಇನ್ನೊಂದು ಎಚ್ಚರಿಕೆ ಮನೆಯವರಿಗೆ. ಕುಡುಕನಿಗೆ ಗೊತ್ತಾಗದಂತೆ ಸಾರಿನಲ್ಲಿ, ಚಹಾದಲ್ಲಿ ಬೆರೆಸಿ ಕುಡಿತ ಬಿಡಿಸುತ್ತೇವೆಂಬ ಪುಡಿ, ಗುಳಿಗೆಗಳ ಜಾಹೀರಾತಿಗೆ ಮರುಳಾಗಬಾರದು. ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಅದನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರ ಕಣ್ಗಾವಲಿನಲ್ಲೇ ಕೊಡಬೇಕು.

ಕಾನೂನು ಮುಗಿದಲ್ಲಿ

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದಾಯಿತು. 2013ರಲ್ಲಿ ಗುಟಕಾ ನಿಷೇಧವಾಯಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಗುಟಕಾ ಹೋದ ಜಾಗಕ್ಕೆ ಪಾನ್ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಎಂದು ಎರಡಾಗಿ ಬಂತು. ಗಾಂಜಾ, ಅಫೀಮುಗಳಿಗೆ 1985ರ ಮಾದಕ ವಸ್ತು ಕಾಯಿದೆಯ ಬಿಗಿ ಇದೆ. ಆದರೆ ಪಂಕ್ಚರ್ ಹಾಕುವ ಸೊಲ್ಯೂಶನ್ ಮೂಸುವ ಹುಡುಗನನ್ನು ಆ ಕಾಯಿದೆ ಎಲ್ಲಿ ಹಿಡಿದೀತು?

ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನಕ್ಕೆ ನೆರವು ಬೇಕು. ಆ ನೆರವು ಸಿಕ್ಕುವುದು ತೀರ ಕೆಲವರಿಗೆ. ಚಿಕಿತ್ಸೆ ಇಲ್ಲವೆಂದಲ್ಲ. ಬಾಗಲಕೋಟೆಯ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮನೋರೋಗದ ವಿಭಾಗಕ್ಕೆ ಹೋದರೆ ‘ಹುಚ್ಚ’ ಎಂದಾರೆಂಬ ಅಂಜಿಕೆಯೇ ದೊಡ್ಡ ಗೋಡೆ.

ತಡೆಗಟ್ಟುವ ಕೆಲಸ ಆರಂಭವಾಗಬೇಕಾದುದು ಮೊದಲ ಗುಟುಕಿಗೂ ಮುನ್ನ. ಬಾದಾಮಿ ಬಳಿಯ ಬನಶಂಕರಿ ಜಾತ್ರೆ ಬಂತೆಂದರೆ ಸೀಮೆಯ ಹುಡುಗರು ಗುಂಪು ಗುಂಪಾಗಿ ನಾಟಕ ನೋಡಲು ಹೊರಡುತ್ತಾರೆ. ಚಟದ ಮೊದಲ ರುಚಿ ಸಿಕ್ಕುವುದು ಬಹುಮಟ್ಟಿಗೆ ಇಂಥ ಗೆಳೆಯರ ಕೂಟದಲ್ಲೇ, ‘ಒಂದು ಸಲ ನೋಡಲೇ’ ಎಂಬ ಒತ್ತಾಯದಲ್ಲೇ. ‘ಒಲ್ಲೆ’ ಎಂದವನನ್ನು ಅಳುಬುರುಕನೆಂದು ನಗದಿರುವುದನ್ನು ಶಾಲೆ, ಮನೆಗಳು ಕಲಿಸಬೇಕು. ಬೀಡಿ ತರಲು ಮಗನನ್ನೇ ಅಂಗಡಿಗೆ ಅಟ್ಟುವ ಅಪ್ಪ, ಹಲ್ಲಿಗೆ ಮಿಶ್ರಿ ತಿಕ್ಕುವ ಅಜ್ಜಿ ಹೇಳುವ ಬುದ್ಧಿಮಾತು ಎಳೆಯರ ಕಿವಿಗೆ ಬೀಳುವುದಿಲ್ಲ.

ಬಿಟ್ಟವನು ಮತ್ತೆ ಒಂದು ದಿನ ಕುಡಿದು ಬಂದರೆ? ಎಲ್ಲ ಮುಗಿಯಿತೆಂದು ಕೈಬಿಡುವುದೇ ಹೆಚ್ಚು. ಬಿಪಿ, ಸಕ್ಕರೆ ರೋಗಗಳಂತೆ ಇದೂ ಮರಳಿ ಕೆದರುವ ರೋಗ. ಜಾರಿದವನು ಶೂನ್ಯಕ್ಕೆ ಬಿದ್ದಿಲ್ಲ. ಅವನು ಬಿಟ್ಟಿದ್ದ ದಿನಗಳು ಸುಳ್ಳಾಗುವುದಿಲ್ಲ. ಮತ್ತೆ ಕೈ ಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವವರು ಬೇಕು. ಹೋಗಲು ಸಂಕೋಚವಾದರೆ 14416ಕ್ಕೆ ಫೋನು ಮಾಡಬಹುದು. ಅದು ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ; ಹಗಲಿರುಳೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ಕಾಸು ಬೇಕಿಲ್ಲ. ರೋಗಿ ಒಲ್ಲೆನೆಂದರೆ ಮನೆಯವರೇ ಮೊದಲು ಮಾತಾಡಬಹುದು.