ಹಾಡ್ಯಾಳೋ, ಪಾರ್ಟ್ ಮಾಡ್ಯಾಳೋ? ಅಮೀರ್‌ಬಾಯಿ ಕರ್ನಾಟಕಿ

ರಾಣೆಬೆನ್ನೂರಿನಲ್ಲಿ ಅಮೀರ್‌ಬಾಯಿ ಕರ್ನಾಟಕಿಯವರ ಬಗ್ಗೆ ಮಾತಾಡಿ ಕೂತಾಗ ಬ್ಯಾಡಗಿ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. "ಎಲ್ಲಾ ಖರೆ ರೀ ಸರ. ಆಕಿ ಪಾರ್ಟ್ ಮಾಡ್ಯಾಳೋ, ಬರೇ ಹಾಡ್ಯಾಳೋ? ಅದೊಂದ್ ಹೇಳ್ರಿ." ಹೋದ ಊರಲ್ಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಎರಡೂ ಮಾಡಿದ್ದಾರೆ ಎಂದರೆ ಅರ್ಧ ಉತ್ತರ ಹೇಳಿದಂತೆ.

ಮೊದಲು ಬದುಕಿನ ವಿವರ, ಚುಟುಕಾಗಿ. ಹುಟ್ಟೂರು ಬೀಳಗಿ, ಆಗಿನ ವಿಜಾಪುರ ಜಿಲ್ಲೆ. ಸೋದರಿ ಗೋಹರ್‌ಬಾಯಿಯೂ ಗಾಯಕಿ, ನಟಿ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಜತೆ ರಂಗದ ಮೇಲೆ ನಿಂತವರು. ಅಮೀರ್‌ಬಾಯಿ 1930ರ ದಶಕದಲ್ಲಿ ಮುಂಬಯಿ ಸೇರಿ, 1934ರ 'ವಿಷ್ಣುಭಕ್ತಿ'ಯಿಂದ ತೆರೆಗೆ ಬಂದರು. 1940ರ 'ನರಸಿ ಭಗತ್' ಹೆಸರು ತಂದಿತು. 1943ರ 'ಕಿಸ್ಮತ್', ಮರುವರ್ಷದ 'ರತನ್' ಮನೆಮಾತಾಗಿಸಿದವು. 1948ರ 'ಶೆಹನಾಜ್'ಗೆ ಸಂಗೀತವನ್ನೂ ಕೊಟ್ಟರು. ತೀರಿಕೊಂಡದ್ದು 1965ರಲ್ಲಿ. ನಮ್ಮ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರಾದದ್ದು 1973ರಲ್ಲಿ. ಅಷ್ಟರೊಳಗೆ ಈಕೆ ಆ ಹೆಸರನ್ನು ಊರೂರಿನ ಗ್ರಾಮಫೋನಿಗೆ ತಲುಪಿಸಿ ಹೋಗಿಯಾಗಿತ್ತು!

ಈಗ ಹಿರಿಯರ ಪ್ರಶ್ನೆ. ನಮ್ಮ ಜಾತ್ರೆಯ ಕಂಪನಿ ನಾಟಕ ನೆನೆಸಿಕೊಳ್ಳಿ. ಪೇಟಿ ಮಾಸ್ತರ ಸೂರು ಹಿಡಿದರೆ ನಾಯಕಿ ತಾನೇ ದನಿಯೆತ್ತಬೇಕು, ಅವಳ ಬದಲು ಹಾಡುವವರು ಯಾರೂ ಇಲ್ಲ. 1931ರ 'ಆಲಂ ಆರಾ', 1934ರ ಕನ್ನಡದ 'ಸತಿ ಸುಲೋಚನಾ' ಬಂದ ಹೊತ್ತಿನ ಸಿನಿಮಾವೂ ಹಾಗೆಯೇ ಇತ್ತು. ಕ್ಯಾಮೆರಾದ ಎದುರು ನಟಿ ಹಾಡುತ್ತಿದ್ದಳು. ಮೈಕು ಚೌಕಟ್ಟಿನ ಆಚೆ ನೇತಾಡುತ್ತಿತ್ತು. ತಬಲಾದವರು, ಪೇಟಿಯವರು ಕ್ಯಾಮೆರಾದ ಕಣ್ಣು ತಪ್ಪಿಸಿ ಎಲ್ಲೋ ಮರೆಯಲ್ಲಿ. ಒಂದು ಕೆಮ್ಮು ಬಂದರೆ ಮತ್ತೆ ಮೊದಲಿಂದ. ಅಂಥ ಕಾಲದಲ್ಲಿ ಗಂಟಲಿಲ್ಲದ ಚೆಲುವೆಗೆ ಕೆಲಸ ಕಷ್ಟ. ಕನ್ನಡ, ಮರಾಠಿ ನಾಟಕಗಳ ಗಾಳಿಯಲ್ಲಿ ಬೆಳೆದವರನ್ನು ಮುಂಬಯಿ ಸುಮ್ಮನೆ ಕರೆಯಲಿಲ್ಲ.

ತೆರೆಗೆ ಮಾತು ಬಂದದ್ದು ಎಲ್ಲ ನಟಿಯರಿಗೂ ಒಲಿಯಲಿಲ್ಲ. ಮೆಕ್ಸಿಕೊದ ಮಹಾನಟಿ ದೊಲೊರೆಸ್ ದೆಲ್ ರಿಯೊ ಹಾಲಿವುಡ್‌ಗೆ ಹೋದದ್ದು ಮೂಕಿಚಿತ್ರಗಳ ದಿನಗಳಲ್ಲಿ. ತೆರೆಗೆ ಮಾತು ಬಂದಮೇಲೆ ಇಂಗ್ಲಿಷಿನ ಉಚ್ಚಾರ ಅವರನ್ನು ಪರದೇಶಿ ಪಾತ್ರಗಳಿಗೆ ಕಟ್ಟಿಹಾಕಿತು. 1940ರ ದಶಕದಲ್ಲಿ ತಾಯ್ನಾಡಿಗೆ ಮರಳಿದರು. ಬೀಳಗಿಯ ಹುಡುಗಿಗೆ ಆದದ್ದು ತಿರುಗುಮುರುಗು. ಸಿನಿಮಾ ಬಾಯಿಬಿಟ್ಟದ್ದೇ ಇವರಿಗೆ ದಾರಿಯಾಯಿತು.

1935ರ 'ಧೂಪ್ ಛಾಂವ್' ಹೊತ್ತಿಗೆ ಹಿನ್ನೆಲೆ ಗಾಯನ ಬಂತು. ಹಾಡನ್ನು ಮೊದಲೇ ಮುದ್ರಿಸಿ, ಚಿತ್ರೀಕರಣದಲ್ಲಿ ಅದನ್ನು ನುಡಿಸಿ, ನಟಿಯಿಂದ ತುಟಿ ಆಡಿಸುವುದು. ಇಲ್ಲಿಂದ ಒಬ್ಬಳ ಕೆಲಸ ಇಬ್ಬರಿಗೆ ಹಂಚಿಹೋಯಿತು. 'ಕಿಸ್ಮತ್'ನಲ್ಲಿ ಮುಖ ಮುಮ್ತಾಜ್ ಶಾಂತಿಯದು, ಕಂಠ ಅಮೀರ್‌ಬಾಯಿಯದು. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅಷ್ಟೂ ದಿನ ಜನ ನೋಡಿದ್ದು ಒಬ್ಬರನ್ನು, ಕೇಳಿದ್ದು ಇನ್ನೊಬ್ಬರನ್ನು.

ಹಾಗಾದರೆ ಆ ಕಂಠದ ಹೆಸರು? ಇಲ್ಲೇ ನಮ್ಮವರು ಎಡವುವುದು. ಆ ಕಾಲದ ಎಷ್ಟೋ ಗ್ರಾಮಫೋನ್ ತಟ್ಟೆಗಳ ಮೇಲೆ ಹಾಡಿದವರ ಹೆಸರಿನ ಜಾಗದಲ್ಲಿ ಪಾತ್ರದ ಹೆಸರು ಇರುತ್ತಿತ್ತು. 1949ರ 'ಮಹಲ್'ನಲ್ಲಿ ಲತಾ ಮಂಗೇಶ್ಕರ್ ಹಾಡಿದ ಹಾಡಿನ ತಟ್ಟೆಯಲ್ಲೂ ಮೊದಲು ಅಚ್ಚಾದದ್ದು 'ಕಾಮಿನಿ' ಎಂದೇ. ಲತಾರ ಎಳೆಯ ದನಿ ಬಂದಮೇಲೆ ಅಮೀರ್‌ಬಾಯಿಯವರ ತುಂಬುಕಂಠಕ್ಕೆ ಕರೆ ಇಳಿಯಿತು. ಪೋಷಕ ಪಾತ್ರಗಳಲ್ಲಿ ಉಳಿದರು. ಹಾಡುತ್ತ ಬಂದವರು ಕೊನೆಗೆ ಬರೇ ಪಾರ್ಟ್ ಮಾಡುವವರಾದರು. ಬ್ಯಾಡಗಿ ಹಿರಿಯರಿಗೆ ನಾನು ಹೇಳಿದ್ದು ಇದನ್ನೇ: "ನೀವು ಎರಡು ಮಾಡಿ ಕೇಳಾಕತ್ತೀರಿ, ಆಕಿ ಹೊಂಟಾಗ ಅದು ಒಂದ ಇತ್ರಿ."

ಇನ್ನು ಓದುವವರಿಗೆ ರಹಮತ್ ತರೀಕೆರೆಯವರು ಬರೆದ ಅಮೀರ್‌ಬಾಯಿ ಜೀವನಚರಿತ್ರೆ ಇದೆ. ವಿಜಯಪುರಕ್ಕೆ ಹೋದರೆ ಅವರ ಹೆಸರಿನ ಅಮೀರ್ ಟಾಕೀಸ್ ಎಲ್ಲಿ ಎಂದು ವಿಚಾರಿಸಿ. ನಮ್ಮ ಹಾವೇರಿ ಜಿಲ್ಲೆಯ ನಂಟೇ ಬೇಕೆಂದರೆ ಗಾಯಕಿ ಗಂಗೂಬಾಯಿ ಹಾನಗಲ್ ಅವರನ್ನು ಹಿಡಿಯಿರಿ. ಅವರ ಮೊದಮೊದಲ ತಟ್ಟೆಗಳ ಮೇಲೆ ಇರುವುದು 'ಗಾಂಧಾರಿ'. ಅಟ್ಟದಲ್ಲಿ ಅಜ್ಜನ ಪೆಟ್ಟಿಗೆ ಇದ್ದರೆ ಇಳಿಸಿ, ಕರಿ ತಟ್ಟೆಗಳ ನಡುವಿನ ಕಾಗದ ಓದಿ. ಧೂಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್ ಮಾತ್ರ ಹಚ್ಚಬೇಡಿ. ಅವು ಅರಗಿನ ತಟ್ಟೆಗಳು, ಸ್ಪಿರಿಟ್ಟಿಗೆ ಕರಗುತ್ತವೆ.