ಸಾವು ಅನ್ನೋಕೆ ಹೆದರುವ ಇಂಗ್ಲಿಷ್

ಸೋಷಿಯಲ್ ಮೀಡಿಯಾ ಬಂದು ಇಂಗ್ಲಿಷ್ ಹಾಳಾಯ್ತು ಅಂತ ಗೊಣಗುವವರಿಗೆ ಒಂದು ಹಳೇ ಕತೆ ಹೇಳ್ತೀನಿ. 1917ರಲ್ಲಿ ಬ್ರಿಟಿಷ್ ಅಡ್ಮಿರಲ್ ಜಾನ್ ಫಿಶರ್, ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಪತ್ರದಲ್ಲೇ 'ಓಎಂಜಿ' ಇದೆ. 'ಓ ಮೈ ಗಾಡ್' ಅನ್ನೋದರ ಗಿಡ್ಡ ರೂಪ. ಆಗ ಫೇಸ್‌ಬುಕ್ ಎಲ್ಲಿತ್ತು ಸ್ವಾಮಿ? ಟ್ವಿಟರ್ 140 ಅಕ್ಷರಗಳ ಮಿತಿ ಇಟ್ಟಿದ್ದೂ 160 ಅಕ್ಷರಗಳ ಎಸ್‌ಎಂಎಸ್‌ನಲ್ಲಿ ಹಿಡಿಸಲಿ ಅಂತ. ಜಾಗ ಕಡಿಮೆಯಾದರೆ ಪದ ಗಿಡ್ಡವಾಗುತ್ತೆ. 2013ರಲ್ಲಿ ಆಕ್ಸ್‌ಫರ್ಡ್‌ನವರು 'ಸೆಲ್ಫಿ'ಯನ್ನು ವರ್ಷದ ಪದ ಅಂದರು, ಇವತ್ತು ಅದು ನಮ್ಮ ಜಾತ್ರೆಗಳಲ್ಲೂ ಇದೆ. ಇದರಿಂದ ಯಾರಿಗೂ ನಷ್ಟವಿಲ್ಲ.

ನನ್ನ ಚಿಂತೆ ಬೇರೆ ಪದದ್ದು. 'ಅನ್‌ಅಲೈವ್'. ಸಾಯೋದು, ಕೊಲ್ಲೋದು, ಆತ್ಮಹತ್ಯೆ, ಎಲ್ಲಕ್ಕೂ ಟಿಕ್‌ಟಾಕ್‌ನ ಹುಡುಗರು ಇದನ್ನೇ ಬಳಸಿದರು. ಯಾಕೆ? ನಾನು ಇಂಜಿನಿಯರಿಂಗ್ ಓದಿದವನು, ಸರಳವಾಗಿ ಹೇಳ್ತೀನಿ. ಅಲ್ಲಿ ಬರೋ ಅಷ್ಟೂ ವಿಡಿಯೋಗಳನ್ನು ಮನುಷ್ಯರು ನೋಡಿ ಮುಗಿಸೋಕಾಗಲ್ಲ. ಹಾಗಾಗಿ ಮೊದಲು ಸೋಸೋದು ಸಾಫ್ಟ್‌ವೇರ್. ಕೆಲವು ಪದ ಕಂಡರೆ ಅದು ವಿಡಿಯೋ ತೆಗೆಯಬಹುದು, ಇಲ್ಲವೇ ಹೆಚ್ಚು ಜನರಿಗೆ ತೋರಿಸದೇ ಇರಬಹುದು. ಯಾವ ಪದಕ್ಕೆ ಯಾವ ಶಿಕ್ಷೆ ಅನ್ನೋದು ಬಳಕೆದಾರರಿಗೆ ಸ್ಪಷ್ಟವಿಲ್ಲ. ಅವರು ಊಹೆ ಮಾಡಿ, ಪದವನ್ನೇ ಬದಲಿಸ್ತಾರೆ. ಇದಕ್ಕೆ 'ಆಲ್ಗೋಸ್ಪೀಕ್' ಅಂತ ಹೆಸರೂ ಬಂದಿದೆ.

ಸಾವನ್ನು ಸುತ್ತಿಬಳಸಿ ಹೇಳೋದು ನಮಗೂ ಹೊಸದಲ್ಲ. 'ತೀರಿಕೊಂಡರು', 'ಹೋಗಿಬಿಟ್ಟರು' ಅಂತೀವಿ. ಅಲ್ಲಿರೋದು ಸತ್ತವರ ಮೇಲಿನ ಗೌರವ, ಮನೆಯವರ ಮೇಲಿನ ಕರುಣೆ. ಇಲ್ಲಿರೋದು ಯಂತ್ರದ ಭಯ.

ಅಪಾಯ ಇರೋದೇ ಇಲ್ಲಿ. 'ಸೂಯಿಸೈಡ್' ಅಂತ ಹುಡುಕಿದರೆ ಗೂಗಲ್, ಇನ್‌ಸ್ಟಾಗ್ರಾಂಗಳು ಸಹಾಯವಾಣಿ ತೋರಿಸುತ್ತವೆ. ಗುಟ್ಟಿನ ಪದ ಬಳಸಿದರೆ ಆ ಸಹಾಯವೂ ಕೈತಪ್ಪಬಹುದು. ಯಂತ್ರಕ್ಕಿಂತ ಹೆಚ್ಚಾಗಿ ಮೋಸ ಹೋಗುವವರು ಅಪ್ಪ ಅಮ್ಮ. ಮಗಳ ಮೊಬೈಲಿನಲ್ಲಿ ಆ ಪದ ಕಂಡರೂ, ಯಾವುದೋ ತಮಾಷೆ ಅಂತ ಮುಂದೆ ಹೋಗಿಬಿಡ್ತಾರೆ. ಟಿಕ್‌ಟಾಕ್ 2020ರಲ್ಲೇ ನಮ್ಮ ದೇಶದಲ್ಲಿ ಬಂದ್ ಆಯ್ತು, ನಿಜ. ಆದರೆ ಪದಗಳಿಗೆ ಬ್ಯಾನ್ ಇಲ್ಲ. ರೀಲ್ಸ್, ಯೂಟ್ಯೂಬ್ ಹತ್ತಿ ಬರುತ್ತವೆ.

ಹಾಗಾಗಿ ವೀಕ್ಷಕರೇ, ಮಕ್ಕಳ ಇಂಗ್ಲಿಷ್ ತಿದ್ದುವ ಮೊದಲು ಅದನ್ನು ಸ್ವಲ್ಪ ಕಲಿಯೋಣ. 'ಅನ್‌ಅಲೈವ್' ಕಂಡರೆ ಬೈಯಬೇಡಿ, ಪಕ್ಕದಲ್ಲಿ ಕೂತು ಕೇಳಿ. ಬೇಕಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಅಲ್ಲಿ ಯಾವ ಪದವನ್ನೂ ಬಚ್ಚಿಡಬೇಕಾಗಿಲ್ಲ.